ಪಕ್ಕದ ಬುಟ್ಟಿಯ ಹೂ

ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಸೆಪ್ಟೆಂಬರ್ 8 ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅದರ ನವದಿನದ ಪ್ರಾರ್ಥನೆ ಆಗಸ್ಟ್ 30ಕ್ಕೆ ಶುರುವಾಗಿ ಸೆಪ್ಟೆಂಬರ್ 7ಕ್ಕೆ ಮುಗಿಯುತ್ತದೆ. ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಆ ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಮಳೆಗೆ ನೆನೆದ ದಾಸವಾಳದ ಎಸಳು ಪುಟ್ಟ ಬೆರಳಿಗೆ ಅಂಟಿಕೊಂಡು ಬೀಳಲೊಲ್ಲದು, ಕೊಡವಿಯೇ ಹಾಕಬೇಕು. ಆ ಒಂದು ಎಸಳು ತಾಯಿಗೆ ಸಾಕು. ಆದರೆ ಹೂ ಹಾಕಿ ತಿರುಗಿದ ಮಗುವಿನ ಕಣ್ಣು ಪಕ್ಕದವಳ ಬುಟ್ಟಿಯ ಮೇಲೆ ಬೀಳುತ್ತದೆ. ಅಲ್ಲಿ ಅಂಗಡಿಯ ಸೇವಂತಿಗೆ! ಮರುದಿನ ಅಂಗಳದ ಹೂ ಬೇಡವೆಂಬ ಹಟ. ಆ ಹಟ ಕಲಿಸಿದ್ದು ದೊಡ್ಡವರಾದ ನಾವೇ.

ಯೇಸುವಿನ ಶಿಷ್ಯ ಸಂತ ಪೇತ್ರನಿಗೂ ಹೀಗೇ ಆಯಿತು. ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ತೆರೆಯಿರಿ. ತಿಬೇರಿಯ ಸರೋವರದ ದಡ, ಕೆಂಡದ ಮೇಲೆ ಮೀನು. ತಮ್ಮನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದವನನ್ನು ಯೇಸು ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿ, ತಮ್ಮ ಕುರಿಗಳನ್ನೇ ಒಪ್ಪಿಸಿದರು. ಅಂಥ ಕ್ಷಮೆ ಕೈಗೆ ಬಿದ್ದ ಗಳಿಗೆಯಲ್ಲೇ ಪೇತ್ರ ಹಿಂತಿರುಗಿ, ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ಕಂಡು "ಇವನ ಗತಿ ಏನು?" ಎಂದ. "ಅದು ನಿನಗೇಕೆ? ನೀನು ನನ್ನನ್ನು ಹಿಂಬಾಲಿಸು" ಎಂದರು ಪ್ರಭು. ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಹಿಂಬಾಲಿಸುವುದಾದರೂ ಹೇಗೆ?

ಮೇಲಿದ್ದವರನ್ನು ನೋಡಿದರೆ ಕರುಬು. ಕೆಳಗಿದ್ದವರನ್ನು ನೋಡಿದರೆ ಇನ್ನೂ ಅಪಾಯ. ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಬರುವ, ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನ ವಾರಕ್ಕೆರಡು ಉಪವಾಸ, ಹತ್ತರಲ್ಲೊಂದು ಪಾಲು, ಎಲ್ಲವೂ ಸರಿಯಿತ್ತು. ಆದರೆ ಜನ ಪಾಪಿಯೆಂದು ಎಣಿಸಿದ್ದ ಸುಂಕ ವಸೂಲಿಗಾರನನ್ನು ಕಂಡು ಆಡಿದ "ನಾನು ಈ ಸುಂಕದವನಂತಲ್ಲ" ಎಂಬ ಮಾತು ಪ್ರಾರ್ಥನೆಯನ್ನೇ ಕೆಡಿಸಿತು.

ಹಬ್ಬದೂಟಕ್ಕೂ ಈ ರೋಗ ತಗುಲಿದೆ. ಸಸ್ಯಾಹಾರ, ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು. ಮೂರಾದರೂ ಸರಿ, ಐದಾದರೂ ಸರಿ. ಈಗ ಬಾಳೆಲೆಯ ಫೋಟೊ ಮೊಬೈಲಿನಲ್ಲಿ ಹರಿದಾಡಿ, ಒಂಬತ್ತು ಮಾಡಿದವರೆದುರು ಮೂರು ಮಾಡಿದ ಮನೆ ಕುಗ್ಗುತ್ತದೆ. ಎಂಥ ನೋವಿನ ಸಂಗತಿ!

ಮಾಡಬಹುದಾದದ್ದಿದೆ. ಪೂಜೆಗೆ ಮುಂಚೆ ಮಕ್ಕಳ ಹೂವನ್ನೆಲ್ಲ ಒಂದೇ ದೊಡ್ಡ ಬುಟ್ಟಿಗೆ ಸುರಿದು, ಅದರಿಂದಲೇ ಎಲ್ಲರಿಗೂ ಒಂದೊಂದು ಹಿಡಿ ಹಂಚಿ. ರಾತ್ರಿ ಜಪಸರ ಮುಗಿದ ಮೇಲೆ, ಆ ದಿನ ಯಾರನ್ನು ಕಂಡು ಮನಸ್ಸು ಉರಿಯಿತೋ ಅವರಿಗಾಗಿ ಒಂದು "ನಮೋ ಮರಿಯಾ" ಪ್ರಾರ್ಥನೆ ಹೇಳಿ. ಮೊದಲೆರಡು ದಿನ ನಾಲಿಗೆ ಹೊರಳದು. ಬಿಡಬೇಡಿ.

ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೋ ಹಾಲಿಗೋ ಬೆರೆಸುತ್ತಾರೆ. ಯಾರ ಲೋಟಕ್ಕೆ ಎಷ್ಟು ಕಾಳು ಹೋಯಿತೆಂದು ಎಣಿಸಲು ಬರುವುದಿಲ್ಲ. ದೂರದ ಊರಿನಲ್ಲಿರುವ ಮಗನ ಪಾಲಿನ ಚಿಟಿಕೆ ಪುಡಿಯನ್ನು ತಾಯಿ ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ ಅಂಟಿಸುತ್ತಾಳೆ.