ಪ್ರಾರ್ಥನೆಗಿಂತ ನೋವಾದದ್ದು ಮಲ್ಲಿಗೆಯ ವಿಷಯ

ಕಾನ್ವೆಂಟಿನಲ್ಲಿ ಓದಿದವಳು ಅಂದ ಕೂಡಲೇ ಕೆಲವರು ಕೇಳುತ್ತಾರೆ, ಅಲ್ಲಿ ನಿಮ್ಮನ್ನು ಮತಾಂತರ ಮಾಡಲು ನೋಡುತ್ತಿದ್ದರಾ ಅಂತ. ಇಲ್ಲ. ನಮ್ಮ ಮಂಗಳೂರಿನ ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಕ್ಯಾಟೆಕಿಸಂ, ಅಂದರೆ ಅವರ ಧರ್ಮಬೋಧನೆಯ ಕ್ಲಾಸಿಗೆ ಎದ್ದು ಹೋಗುತ್ತಿದ್ದರು, ಉಳಿದ ನಾವು, ಅಂದರೆ ಹಿಂದೂ, ಬ್ಯಾರಿ (ಕರಾವಳಿಯ ಮುಸ್ಲಿಂ), ಜೈನ ಮಕ್ಕಳೆಲ್ಲ ಮೋರಲ್ ಸೈನ್ಸಿಗೆ ಕೂರುತ್ತಿದ್ದೆವು. ಸುಳ್ಳು ಹೇಳಬೇಡ, ಕದಿಯಬೇಡ, ಅಷ್ಟೇ ಪಾಠ.

ಬೆಳಗಿನ ಅಸೆಂಬ್ಲಿಯಲ್ಲಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಲ್ಲರೂ ಹೇಳುತ್ತಿದ್ದೆವು. ಮನೆಗೆ ಬಂದು ಅಜ್ಜಿಯ ಮುಂದೆ ಹೇಳಿದರೆ ಅವರು ಪೂರ್ತಿ ಕೇಳಿ, ದೇವರ ಹೆಸರು ತಾನೇ, ಹೇಳು ಅನ್ನುತ್ತಿದ್ದರು. ನನ್ನ ಪಕ್ಕದ ಬ್ಯಾರಿ ಗೆಳತಿ ಮಾತ್ರ ಬಾಯಿ ಬಿಡದೆ ಸುಮ್ನೆ ನಿಂತಿರುತ್ತಿದ್ದಳು, ಯಾವ ಸಿಸ್ಟರೂ ಅವಳನ್ನು ಬೈಯಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ ಬಂದರೆ ಗೆಳತಿಯರು ಮರಿಯಮ್ಮನಿಗೆ ಹೂ ಹಾಕಿ, ಇಗರ್ಜಿಯಿಂದ ಹೊಸ ತೆನೆ ತರುತ್ತಿದ್ದರು. ನಮ್ಮನೆಯಲ್ಲೂ ಹೊಸ ಅಕ್ಕಿಯ ಊಟ ಇದ್ದದ್ದೇ, ಹಾಗಾಗಿ ಅದು ಬೇರೆಯವರ ಹಬ್ಬ ಅಂತ ನನಗೆ ಅನಿಸಲೇ ಇಲ್ಲ.

ನೋವಾದದ್ದು ಬೇರೆ ಕಡೆ. ಹೂ ಮುಡಿಯುವಂತಿಲ್ಲ, ಬಳೆ ಹಾಕುವಂತಿಲ್ಲ, ಕುಂಕುಮ ಕಾಣಿಸಬಾರದು. ಶುಕ್ರವಾರ ಅಮ್ಮ ಮುಡಿಸಿದ ಮಲ್ಲಿಗೆಯನ್ನು ಗೇಟಿನ ಹತ್ತಿರವೇ ತೆಗೆದು ಬ್ಯಾಗಿಗೆ ಹಾಕಬೇಕಿತ್ತು, ಮಧ್ಯಾಹ್ನದ ಹೊತ್ತಿಗೆ ಅದು ಬಾಡಿ ಪುಸ್ತಕಕ್ಕೆ ಅಂಟಿರುತ್ತಿತ್ತು. ಶಿಸ್ತು ಅನ್ನುತ್ತಿದ್ದರು. ಆದರೆ ಕೊರಳಲ್ಲಿ ಶಿಲುಬೆ ಇದ್ದ ಹುಡುಗಿಯರನ್ನು ಯಾರೂ ತಡೆಯುತ್ತಿರಲಿಲ್ಲ, ಮಕ್ಕಳ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ ಅಲ್ವಾ?

ಈ ಊರಿಗೂ ಮಿಷನರಿ ಶಾಲೆಗಳಿಗೂ ಇರುವುದು ನಿನ್ನೆ ಮೊನ್ನೆಯ ಸಂಬಂಧವಲ್ಲ. ಪ್ರೊಟೆಸ್ಟೆಂಟ್ ಮಿಷನರಿಗಳಾದ ಬಾಸೆಲ್ ಮಿಷನ್ನಿನವರು ಬಂದದ್ದು 1834ರಲ್ಲಿ, ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ವಿಟರು ಸಂತ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಅಂದಿನಿಂದ ಎಲ್ಲ ಜಾತಿ, ಧರ್ಮದ ಮಕ್ಕಳು ಈ ಮೆಟ್ಟಿಲು ಹತ್ತಿದ್ದಾರೆ. ನಾನು ಇಂಗ್ಲಿಷ್ ಕಲಿತದ್ದು, ವೇದಿಕೆಯಲ್ಲಿ ನಿಂತು ಮಾತಾಡಿದ್ದು ಅಲ್ಲೇ, ಆ ಋಣ ನನಗೆ ದೊಡ್ಡದು.

ನಮ್ಮ ಸಂವಿಧಾನದ 28(3)ನೇ ವಿಧಿ, ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆ ಮಕ್ಕಳನ್ನು ಧರ್ಮಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸಬೇಕಾದರೆ ಒಪ್ಪಿಗೆ ಬೇಕು ಅನ್ನುತ್ತದೆ, ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ. ಅಡ್ಮಿಷನ್ ಫಾರಮ್ಮಿನಲ್ಲೇ ಇದನ್ನು ಕೇಳಲಿ. ಜೊತೆಗೆ ಹೂವಿನ, ಕುಂಕುಮದ ನಿಯಮವನ್ನೂ ಅಲ್ಲೇ ಬರೆದು ತೋರಿಸಲಿ, ಗೇಟಿನ ಹತ್ತಿರ ಮಗು ಒಬ್ಬಳೇ ನಿಂತಿರುವಾಗ ಅಲ್ಲ.