ಡೈಯನ್ನು ಮೊದಲು ಸೀರಂಗೆ ಹಾಕಿ ನೋಡಿ

ಫೋಟೋಅಕೌಸ್ಟಿಕ್ ಇಮೇಜಿಂಗ್‌ಗೆ ಬಳಸುವ ಕಾಂಟ್ರಾಸ್ಟ್ ಏಜೆಂಟ್‌ಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಲೇಸರ್ ಬೆಳಕು ಬಿಟ್ಟು, ಅದರಿಂದ ಹುಟ್ಟುವ ಅಲ್ಟ್ರಾಸೌಂಡ್‌ನಿಂದ ದೇಹದ ಒಳಗಿನ ಚಿತ್ರ ತೆಗೆಯುವ ವಿಧಾನ ಅದು; ಚಿತ್ರದಲ್ಲಿ ಬೇಕಾದ ಜಾಗ ಎದ್ದು ಕಾಣಲು ಹಾಕುವ ಡೈಯಂಥ ವಸ್ತುವೇ ಕಾಂಟ್ರಾಸ್ಟ್ ಏಜೆಂಟ್. ಲ್ಯಾಬ್‌ಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಚೆನ್ನಾಗಿ ಹೊಳೆಯುವ ಫ್ಲೋರೊಸೆಂಟ್ ಡೈ ಹಿಡಿದುಕೊಂಡು ಬರುತ್ತಾರೆ. ನಮಗೆ ಬೇಕಾದದ್ದು ಅದರ ಉಲ್ಟಾ. ನ್ಯಾನೋಸೆಕೆಂಡ್ ಲೇಸರ್ ಪಲ್ಸ್ ಬಿದ್ದಾಗ ಡೈ ಬೆಳಕನ್ನು ಹೀರಿ ಬಿಸಿಯಾಗಬೇಕು. ಆ ಬಿಸಿಗೆ ಸುತ್ತಲಿನ ಜಾಗ ಚೂರು ಹಿಗ್ಗುತ್ತದೆ. ಅದೇ ಅಲ್ಟ್ರಾಸೌಂಡ್ ಅಲೆಯಾಗಿ, ಅದನ್ನು ಹಿಡಿಯುವ ಪ್ರೋಬ್ ತಲುಪುತ್ತದೆ. ಬೆಳಕಾಗಿಯೇ ವಾಪಸ್ ಹೋದ ಶಕ್ತಿ ನಮ್ಮ ಪಾಲಿಗೆ ನಷ್ಟ, ಅಲ್ವಾ?

ಇಂಡೋಸಯನೈನ್ ಗ್ರೀನ್ ಇಲ್ಲಿ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ಅದೂ ಒಂದು ಕಾರಣ. ಅದು ಹೊಳೆಯುವುದು ಕಡಿಮೆ, ಬಿಸಿಯಾಗುವುದು ಜಾಸ್ತಿ. 1950ರ ದಶಕದಿಂದಲೂ ರೋಗಿಗಳಿಗೆ ಕೊಡುತ್ತಿರುವ ಡೈ ಅದು.

ಆದರೆ ಅದನ್ನು ಸುಮ್ನೆ ನೀರಿನಲ್ಲಿ ಕರಗಿಸಿ, ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಹೀರುತ್ತದೆ ಎಂದು ಅಳತೆ ಮಾಡಿ, ಆ ಗ್ರಾಫನ್ನೇ ಇಟ್ಟುಕೊಂಡು ಮುಂದೆ ಹೋಗಬೇಡಿ. ತೆಳುವಾದ ನೀರಿನ ದ್ರಾವಣದಲ್ಲಿ ಅದು ಅತಿ ಹೆಚ್ಚು ಬೆಳಕು ಹೀರುವುದು ಸುಮಾರು 780 ನ್ಯಾನೋಮೀಟರ್‌ನಲ್ಲಿ. ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವಕ್ಕೆ) ಹಾಕಿದರೆ ಅದರಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಆಗ ಪೀಕ್ (ಗ್ರಾಫಿನ ತುದಿ) 800ರ ಆಸುಪಾಸಿಗೆ ಸರಿಯುತ್ತದೆ. ನೀರಿನಲ್ಲಿ ಡೈ ಪ್ರಮಾಣ ಏರಿಸಿದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು 700ರ ಹತ್ತಿರ ಬೇರೆಯದೇ ಪೀಕ್ ಎದ್ದು ನಿಲ್ಲುತ್ತದೆ. ಡೈ ಒಂದೇ, ಗ್ರಾಫ್ ಮಾತ್ರ ಮೂರು ಥರ! ರಕ್ತನಾಳದಲ್ಲಿ ಡೈ ಎಷ್ಟಿದೆ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಬೇರ್ಪಡಿಸುವ ಲೆಕ್ಕ ನಿಂತಿರುವುದೇ ಈ ಗ್ರಾಫ್ ಮೇಲೆ. ಅದು ತಪ್ಪಿದ್ದರೂ ಚಿತ್ರ ನೋಡಲು ಚೆನ್ನಾಗಿಯೇ ಬರುತ್ತದೆ, ನನಗೆ ಭಯ ಇರುವುದೇ ಅಲ್ಲಿ. ಹಾಗಾಗಿ ಯಾರು ಏನೇ ತಂದರೂ ನಾನು ಮೊದಲು ಕೇಳುವುದು ಸೀರಂನಲ್ಲಿ ಅಳೆದ ಗ್ರಾಫ್. ದ್ರಾವಣವೂ ಆಗಷ್ಟೇ ಮಾಡಿದ್ದಾಗಿರಬೇಕು. ನೀರಿನಲ್ಲಿ, ಅದರಲ್ಲೂ ಬೆಳಕಿಗೆ ಇಟ್ಟರೆ, ಈ ಡೈ ಬೇಗ ಕೆಡುತ್ತದೆ.

ಚಿನ್ನದ ನ್ಯಾನೋರಾಡ್‌ಗಳ, ಅಂದರೆ ಕಾಂಟ್ರಾಸ್ಟ್ ಏಜೆಂಟ್ ಆಗಿ ಬಳಸುವ ಅತಿ ಸೂಕ್ಷ್ಮ ಕಡ್ಡಿಗಳ, ಕಥೆ ಬೇರೆ. ಕಡ್ಡಿಯ ಉದ್ದ-ದಪ್ಪದ ಅನುಪಾತ ಬದಲಿಸಿ ಪೀಕನ್ನು ಬೇಕಾದ ಕಡೆ ತರಬಹುದು, ಮೊದಲ ಪಲ್ಸ್‌ಗಳಲ್ಲಿ ಸಿಗ್ನಲ್ ಕೂಡ ಜೋರಾಗಿ ಬರುತ್ತದೆ. ಆಮೇಲೆ ಸ್ಕ್ರೀನ್ ಮೇಲಿನ ಗೆರೆ ಮೆಲ್ಲಗೆ ಇಳಿಯತೊಡಗುತ್ತದೆ. ಪ್ರೋಬ್ ಅಲುಗಿತೇನೋ ಎಂದು ಹುಡುಕುತ್ತಾ ಕೂರುವ ಬದಲು ದ್ರಾವಣದ ಟ್ಯೂಬ್ ಹೊರಗೆ ತೆಗೆದು ಬಣ್ಣ ನೋಡಿ. ಲೇಸರ್ ಬಿದ್ದ ದ್ರಾವಣ ಕೆಂಪಿಗೆ ತಿರುಗಿದ್ದರೆ ಕಡ್ಡಿಗಳು ಕರಗಿ ಉಂಡೆಯಾಗಿವೆ ಎಂದೇ ಅರ್ಥ. ಚಿನ್ನದ ಉಂಡೆಗಳು ಹೀರುವುದು 520ರ ಸುತ್ತ, ನಮ್ಮ ಲೇಸರ್ ಇರುವುದು ಇನ್ಫ್ರಾರೆಡ್‌ನಲ್ಲಿ. ಸಿಲಿಕಾ ಲೇಪನ ಕೊಟ್ಟರೆ ಕಡ್ಡಿಗಳು ಹೆಚ್ಚು ಹೊತ್ತು ತಾಳುತ್ತವೆ. ಆದರೂ ನೀವು ನಿಜವಾಗಿ ಬಳಸುವ ಶಕ್ತಿಯಲ್ಲೇ ಪಲ್ಸ್ ಕೊಟ್ಟು, ಮೊದಲಿನ ಮತ್ತು ಕೊನೆಯ ಗ್ರಾಫ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇಷ್ಟೆಲ್ಲಾ ಸರಿಯಾದ ಮೇಲೂ ಆಳದ ಸಮಸ್ಯೆ ಉಳಿಯುತ್ತದೆ. ಅಂಗಾಂಶದೊಳಗೆ ಹೋದಂತೆ ಒಂದೊಂದು ತರಂಗಾಂತರದ ಬೆಳಕು ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತದೆ, ಅದಕ್ಕೆ ತಕ್ಕಂತೆ ಡೈಯ ಗ್ರಾಫ್ ಕೂಡ ಸೊಟ್ಟಗಾಗುತ್ತದೆ. ಅದಕ್ಕೇ ನಾವು ಟ್ಯೂಬನ್ನು ರಕ್ತ ಬೆರೆಸಿದ, ಅಂಗಾಂಶವನ್ನು ಹೋಲುವ ಫ್ಯಾಂಟಮ್‌ನೊಳಗೆ ಬೇರೆ ಬೇರೆ ಆಳದಲ್ಲಿಟ್ಟು ಮತ್ತೆ ಅಳೆಯುತ್ತೇವೆ. ಎಷ್ಟು ಆಳದವರೆಗೆ ಲೆಕ್ಕ ಸರಿಬರುತ್ತದೋ ಅಷ್ಟನ್ನೇ ವರದಿಯಲ್ಲಿ ಬರೆಯುತ್ತೇವೆ.