ನೆಲದ ಮೇಲಿರುವಾಗ ಕೆಂಪು ಗುಂಡಿ

ಸಣ್ಣ ವಿಮಾನದ ಕಾಕ್‌ಪಿಟ್‌ನಲ್ಲಿ ಕಪ್ಪು ಥ್ರಾಟಲ್‌ನ ಪಕ್ಕದಲ್ಲಿರುವ, ಗಾಳಿಯೊಡನೆ ಬೆರೆಯುವ ಇಂಧನದ ಪ್ರಮಾಣವನ್ನು ಹೊಂದಿಸುವ ಕೆಂಪು ಮಿಕ್ಸ್ಚರ್ ಗುಂಡಿಯನ್ನು ಎಂಜಿನ್ ಶುರುವಾದೊಡನೆ ಪೂರ್ತಿ ಒಳಗೆ ಒತ್ತಿ, ನಿಲ್ಲಿಸುವಾಗ ಹೊರಗೆಳೆಯುವುದಷ್ಟೇ ಎಷ್ಟೋ ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿರುತ್ತದೆ. ಪೈಲಟ್ ತರಬೇತಿಯಲ್ಲಿರುವ ಅಣ್ಣನ ಮಗ ರಜೆಗೆಂದು ಧಾರವಾಡಕ್ಕೆ ಬಂದಾಗ, "ಕಾಕಾ, ಟ್ಯಾಕ್ಸಿ ಮಾಡುವಾಗ ಲೀನ್ ಮಾಡಿದ್ರ ಎಂಜಿನ್ ಕೆಡೂದಿಲ್ಲೇನು?" ಎಂದು ಕೇಳಿದ. ಟ್ಯಾಕ್ಸಿ ಎಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವುದು, ಲೀನ್ ಮಾಡುವುದೆಂದರೆ ಗುಂಡಿಯನ್ನು ಹೊರಗೆಳೆದು ಇಂಧನ ಕಡಿಮೆ ಮಾಡುವುದು. ಎಂಜಿನ್ ಕೆಡುವುದಿಲ್ಲ, ಲೀನ್ ಮಾಡದಿದ್ದರೆ ಸ್ಪಾರ್ಕ್ ಪ್ಲಗ್ ಕೆಡುತ್ತದೆ ಎಂದೆ. ವಿಮಾನಗಳ ನಿರ್ವಹಣೆಯಲ್ಲೇ ವೃತ್ತಿ ಕಳೆದ ನನಗೆ ಇದು ಇಷ್ಟದ ವಿಷಯವಾದ್ದರಿಂದ ಕೊಂಚ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಈ ಎಂಜಿನ್‌ಗಳು ಕುಡಿಯುವ ನೀಲಿ ಬಣ್ಣದ 100ಎಲ್‌ಎಲ್ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಉರಿದ ಸೀಸ ಹೊಗೆಯೊಡನೆ ಹೊರಹೋಗಲೆಂದು ಅದರಲ್ಲಿ ಬ್ರೋಮಿನ್ ಸಂಯುಕ್ತವನ್ನೂ ಬೆರೆಸಿರುತ್ತಾರೆ. ಆದರೆ ಆ ಸಂಯುಕ್ತ ತನ್ನ ಕೆಲಸ ಮಾಡಬೇಕಾದರೆ ಸಿಲಿಂಡರಿನೊಳಗೆ ಸಾಕಷ್ಟು ಶಾಖವಿರಬೇಕು. ತಣ್ಣನೆಯ ಎಂಜಿನ್ ಸುಲಭವಾಗಿ ಹೊತ್ತಿಕೊಳ್ಳಲೆಂದು ಕಾರ್ಬ್ಯುರೇಟರ್‌ನ ಐಡಲ್ (ಕನಿಷ್ಠ ವೇಗದ) ಮಿಶ್ರಣವನ್ನು ತುಸು ರಿಚ್ (ಇಂಧನ ಹೆಚ್ಚು) ಆಗಿಯೇ ಹೊಂದಿಸಿರುವುದರಿಂದ, ವಿಮಾನ ನಿಲ್ಲಿಸುವ ಏಪ್ರನ್‌ನಲ್ಲಿ ನಿಂತು ಅನುಮತಿಗಾಗಿ ಕಾಯುವಷ್ಟು ಹೊತ್ತೂ ಹೆಚ್ಚುವರಿ ಇಂಧನ ಒಳಗೆ ಹೋಗಿ ಉರಿಯನ್ನು ತಣ್ಣಗಾಗಿಸುತ್ತದೆ, ಮಸಿಯೂ ಸೀಸವೂ ಪ್ಲಗ್‌ಗೆ ಅಂಟುತ್ತವೆ. ಪ್ರತಿ ಸಿಲಿಂಡರಿಗೆ ಇರುವ ಎರಡು ಪ್ಲಗ್‌ಗಳಲ್ಲಿ ಕೆಳಗಿನದ್ದಕ್ಕೇ ಹೆಚ್ಚು ತೊಂದರೆ. ಅದನ್ನು ಬಿಚ್ಚಿ ನೋಡಿದರೆ ಪಿಂಗಾಣಿ ಭಾಗದ ಸುತ್ತಲಿನ ಸಂದಿಯಲ್ಲಿ ಸಾಸಿವೆ ಕಾಳಿನಂಥ ಬೂದು ಸೀಸದ ಗುಂಡುಗಳು ಸಿಕ್ಕಿಕೊಂಡಿರುತ್ತವೆ, ಮೊನಚಾದ ಸಲಕರಣೆಯಿಂದ ಒಂದೊಂದಾಗಿ ಕೆದಕಿ ತೆಗೆಯಬೇಕಾಗುತ್ತದೆ. (ಪ್ಲಗ್‌ನ ಬಣ್ಣ ನೋಡಿಯೇ ಎಂಜಿನ್ನಿನ ಆರೋಗ್ಯ ಹೇಳುವ ಹಳೆಯ ಬೈಕ್ ಮೇಸ್ತ್ರಿಗಳು ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.)

ಹಾಗಾದರೆ ಎಷ್ಟು ಲೀನ್ ಮಾಡಬೇಕು? ಧಾರಾಳವಾಗಿ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. 1,000ದಿಂದ 1,200 ಆರ್‌ಪಿಎಂನಲ್ಲಿ ಎಂಜಿನ್ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಕೊಡುತ್ತಿರುವುದರಿಂದ, ಡಿಟೊನೇಷನ್‌ಗೆ (ಸಿಲಿಂಡರಿನಲ್ಲಿ ಇಂಧನ ಒಮ್ಮೆಲೇ ಸಿಡಿಯುವುದಕ್ಕೆ) ಬೇಕಾದ ಒತ್ತಡವಾಗಲಿ ಶಾಖವಾಗಲಿ ಅಲ್ಲಿ ಹುಟ್ಟುವುದೇ ಇಲ್ಲ. ಅಪಾಯವಿರುವುದು ಅರೆಮನಸ್ಸಿನ ಲೀನಿಂಗ್‌ನಲ್ಲಿ. ಗುಂಡಿಯನ್ನು ಸ್ವಲ್ಪವೇ ಎಳೆದು ಮರೆತರೆ, ಟೇಕಾಫ್‌ನ ಪೂರ್ಣ ಶಕ್ತಿಯನ್ನು ಎಂಜಿನ್ ಹೇಗೋ ಕೊಡುತ್ತದೆ, ಆದರೆ ಸಿಲಿಂಡರುಗಳು ಮಿತಿಮೀರಿ ಕಾಯುತ್ತವೆ. ಚೆನ್ನಾಗಿ ಎಳೆದು ಮರೆತರೆ ಥ್ರಾಟಲ್ ಒತ್ತಿದೊಡನೆ ಎಂಜಿನ್ ಮುಗ್ಗರಿಸಿ, ಮರೆತದ್ದನ್ನು ರನ್‌ವೇಗೆ ಹೋಗುವ ಮೊದಲೇ ನೆನಪಿಸುತ್ತದೆ.

ನಮ್ಮ ಭಾಗದ ಬೇಸಿಗೆಯಲ್ಲಿ ಇನ್ನೊಂದು ಲೆಕ್ಕವೂ ಸೇರುತ್ತದೆ. ಸಣ್ಣ ವಿಮಾನ ಸೆಸ್ನಾ 172ರ ಕೈಪಿಡಿ 3,000 ಅಡಿಗಿಂತ ಎತ್ತರದ ನಿಲ್ದಾಣಗಳಲ್ಲಿ ಟೇಕಾಫ್‌ಗೂ ಮುನ್ನ ಲೀನ್ ಮಾಡಲು ಹೇಳುತ್ತದೆ. ಹುಬ್ಬಳ್ಳಿ ನಿಲ್ದಾಣದ ಎತ್ತರ ಸುಮಾರು 2,200 ಅಡಿ ಮಾತ್ರ. ಆದರೆ 37 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿ 5,000 ಅಡಿ ಮೇಲಿನ ಗಾಳಿಯಷ್ಟು ತೆಳುವಾಗಿರುತ್ತದೆ. ಗಾಳಿ ತೆಳುವಾದರೆ ಮಿಶ್ರಣ ಇನ್ನಷ್ಟು ರಿಚ್ ಆಗುವುದರಿಂದ ಅಂಥ ಹೊತ್ತಿನಲ್ಲಿ ಫುಲ್ ರಿಚ್ ಇಟ್ಟುಕೊಂಡು ನೆಲದ ಮೇಲೆ ಕಾಯುವುದು ಪ್ಲಗ್‌ಗಳಿಗೆ ಇನ್ನೂ ಹೆಚ್ಚಿನ ಹಿಂಸೆ.

ರನ್‌ಅಪ್‌ನಲ್ಲಿ, ಅಂದರೆ ಟೇಕಾಫ್‌ಗೂ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ, ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳ ಪೈಕಿ ಒಂದರ ಮೇಲೆ ಮಾತ್ರ ಎಂಜಿನ್ ನಡುಗಿದರೆ, ಎರಡನ್ನೂ ಆನ್ ಮಾಡಿ, 1,800 ಆರ್‌ಪಿಎಂ ಆಸುಪಾಸಿನಲ್ಲಿ ಮಿಶ್ರಣವನ್ನು ಲೀನ್ ಮಾಡಿ ಕೆಲಹೊತ್ತು ಓಡಿಸಿದರೆ ಕೊಳೆ ಸಾಮಾನ್ಯವಾಗಿ ಸುಟ್ಟುಹೋಗುತ್ತದೆ. ಮತ್ತೆ ಪರೀಕ್ಷಿಸಿದಾಗಲೂ ನಡುಗಿದರೆ ಏಪ್ರನ್‌ಗೆ ಮರಳಬೇಕು, ಇದರಲ್ಲಿ ವಾದವಿಲ್ಲ.

ಎಂಜಿನ್ ನಿಲ್ಲಿಸುವಾಗ ಗುಂಡಿಯನ್ನು ನಿಧಾನವಾಗಿ ಎಳೆಯುತ್ತ ಆರ್‌ಪಿಎಂ ಮುಳ್ಳನ್ನು ಗಮನಿಸಬೇಕೆಂದೂ ಹುಡುಗನಿಗೆ ಹೇಳಿದೆ. ಮುಳ್ಳು ತುಸು ಏರಿ ಬಿದ್ದರೆ ಐಡಲ್ ಮಿಶ್ರಣ ಸರಿಯಿದೆ. 50ಕ್ಕಿಂತ ಹೆಚ್ಚು ಏರಿದರೆ ಅತಿ ರಿಚ್, ಏರದೆ ನೇರವಾಗಿ ಬಿದ್ದರೆ ಅತಿ ಲೀನ್. ಎಷ್ಟು ಏರಿತೆಂದು ಬರೆದಿಟ್ಟರೆ ಕಾರ್ಬ್ಯುರೇಟರ್‌ನ ಸ್ಕ್ರೂವನ್ನು ಯಾವ ಕಡೆಗೆ ತಿರುಗಿಸಬೇಕೆಂಬುದು ಮರುದಿನ ಮೆಕ್ಯಾನಿಕ್‌ಗೆ ತಿಳಿಯುತ್ತದೆ.